ಏಳನೆಯ ಪ್ರಶ್ನೆ

ಜನವರಿ ೮, ಸೋಮವಾರ

ಇಪ್ಪತ್ತೆರಡು ವರ್ಷದಿಂದ ದಿನವೂ ಬರೆಯುತ್ತಿದ್ದೇನೆ, ಆದರೆ ಪ್ರಸಾರ ಕೇಂದ್ರದ ಲಾಗ್ ಪುಸ್ತಕದಲ್ಲಿ. ಇಷ್ಟು ಗಂಟೆಗೆ ಟ್ರಾನ್ಸ್‌ಮಿಟರ್ ಹಾಕಿದೆ, ಇಷ್ಟು ಗಂಟೆಗೆ ಆರಿಸಿದೆ, ಫ್ಯಾನು ಸರಿಯಾಗಿದೆ, ಸಹಿ. ಮನಸ್ಸಿಗೆ ಅಲ್ಲಿ ಖಾನೆ ಇಲ್ಲ. ಅದಕ್ಕೇ ಈ ಪುಸ್ತಕ ತೆರೆದೆ.

ಮಧ್ಯಾಹ್ನ ಒಂದು ಗಂಟೆಯ ವಾರ್ತೆಯಲ್ಲಿ ಬಂತು. ಮಸೂದೆ ಪಾಸಾಯಿತಂತೆ. ರೇಡಿಯೋ, ಟಿ.ವಿ. ಪ್ರಸಾರ ಇನ್ನು ಸರ್ಕಾರವೊಂದರ ಕೈಯಲ್ಲೇ ಇರುವುದಿಲ್ಲ. ಕಾರ್ಯಕ್ರಮ ಮಾಡುವವರು ಮಾಡಲಿ. ಅದನ್ನು ಗಾಳಿಗೆ ಬಿಡುವ ಗೋಪುರ, ಯಂತ್ರ ಎಲ್ಲವನ್ನೂ ಖಾಸಗಿ ಕಂಪನಿಗಳು ನಡೆಸಬಹುದು. ಈ ಸುದ್ದಿ ರಾಜಧಾನಿಯ ಸ್ಟುಡಿಯೋದಿಂದ ಬಂದು, ನಮ್ಮ ಯಂತ್ರ ಹೊಕ್ಕು, ನಮ್ಮ ಗೋಪುರ ಹತ್ತಿಯೇ ಮೂರು ಜಿಲ್ಲೆಗೆ ಹೋಯಿತು. ನಮ್ಮ ಮನೆಗೆ ಬೆಂಕಿ ಬಿದ್ದದ್ದನ್ನು ನಾವೇ ಡಂಗುರ ಹೊಡೆದಂತಾಯಿತು.

ಇಲ್ಲೇ ತಂತ್ರಜ್ಞನಾಗಿರುವ ನನ್ನ ಅಣ್ಣ ಮೇಜಿನ ಮುಂದೆ ಕೂತು ಮೀಟರಿನ ಮುಳ್ಳನ್ನು ನೋಡುತ್ತಿದ್ದ. "ಮುಳ್ಳು ಭಾರಿ ಕುಣೀತಿದೆಯಲ್ಲ ಪುಟ್ಟಿ, ಏನಂತೆ?" ಅಂದ. ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ ನಕ್ಕ. "ಗಾಳಿಗೂ ಬೇಲಿ ಹಾಕೋರು ಹುಟ್ಕೊಂಡ್ರು ಅನ್ನು."

ಇದನ್ನು ಎಲ್ಲಿಯೂ ಬರೆದವಳಲ್ಲ, ಇಲ್ಲಾದರೂ ಬರೆಯುತ್ತೇನೆ. ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ. ಮೂವತ್ತೈದು ವರ್ಷ ಆ ಫ್ಯಾನುಗಳ ಮೊರೆತದ ಮಧ್ಯೆ ಕೂತವನು. ನಾಲ್ಕು ವರ್ಷದ ಹಿಂದೆ ಎರಡೂ ಕಿವಿ ಹೋದವು. ಪಕ್ಕದಲ್ಲೇ ನಿಂತು ಕಿರುಚಿದರೆ ಕೇಳುತ್ತದೆ, ಇಲ್ಲವೆಂದರೆ ತುಟಿ ನೋಡಿ ತಿಳಿಯುತ್ತಾನೆ. ಶಿಫ್ಟಿನ ಮುಖ್ಯಸ್ಥೆ ನಾನೇ ಆದ್ದರಿಂದ ಅವನ ಪಾಳಿಯನ್ನೆಲ್ಲ ನನ್ನ ಜೊತೆಗೇ ಹಾಕಿಕೊಂಡಿದ್ದೇನೆ. ಅಪಾಯದ ಬೆಲ್ಲಿನ ಜೊತೆಗೊಂದು ಕೆಂಪು ದೀಪ ಹಾಕಿಸಿದ್ದೇನೆ, ಬೆಲ್ಲು ಹೊಡೆದರೆ ಅದೂ ಉರಿಯುತ್ತದೆ. "ಫ್ಯಾನಿನ ಗಲಾಟೆಯಲ್ಲಿ ಬೆಲ್ಲು ಯಾರಿಗೂ ಕೇಳಲ್ಲ" ಎಂದು ಮೇಲಿನವರಿಗೆ ಕಾರಣ ಕೊಟ್ಟೆ. ಸಹೋದ್ಯೋಗಿಗಳಿಗೆ ಅರ್ಧಂಬರ್ಧ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ.

ಅವನ ನಿವೃತ್ತಿಗೆ ಇನ್ನೆರಡು ವರ್ಷ. ದಾಟಿಸಿಬಿಡುತ್ತೇನೆ.

ಜನವರಿ ೧೩, ಶನಿವಾರ

ಟ್ರಾನ್ಸ್‌ಮಿಟರ್ ಹಾಲಿನಲ್ಲಿ ಸಭೆ. ಹದಿನಾಲ್ಕು ಜನವೂ ಸೇರಿದ್ದೆವು, ಗೇಟಿನ ತಾತನೂ ಸೇರಿ. ತಾತನಿಗೆ ಮಾತ್ರ ಒಳಗೊಳಗೇ ಖುಷಿ. "ಇನ್ಮೇಲೆ ಹತ್ತು ಚಾನೆಲ್ ಬರತ್ತಂತೆ, ಹಗಲೆಲ್ಲ ಸಿನಿಮಾ ಅಂತೆ" ಅಂದ. "ನೋಡೋಕೆ ನಿನಗೆ ಸಂಬಳ ಯಾರು ಕೊಡ್ತಾರೋ?" ಎಂದು ಅವನ ತುಟಿ ನೋಡಿದ ಅಣ್ಣ ಕೇಳಿದ.

ಒಬ್ಬರೂ ಒಂಟಿಯಾಗಿ ಕಂಪನಿಯವರ ಜೊತೆ ಮಾತಾಡಬಾರದು, ಇಟ್ಟುಕೊಂಡರೆ ಎಲ್ಲರನ್ನೂ ಇಟ್ಟುಕೊಳ್ಳಲಿ ಎಂದು ಬರೆದೆವು. ಮೊದಲ ಸಹಿ ನನ್ನದು. ನಾನು ಮದುವೆಯಾಗಲಿಲ್ಲ, ಈ ಕಟ್ಟಡವನ್ನೇ ಕಟ್ಟಿಕೊಂಡವಳು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣ ಅವರ ಕೈ ನೋಡಿ, ಒಂದು ಕ್ಷಣ ತಡವಾಗಿ ತಾನೂ ತಟ್ಟಿದ.

ಜನವರಿ ೩೦, ಮಂಗಳವಾರ

ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದಳು. ನಮ್ಮ ಕೇಂದ್ರವೂ ಸೇರಿ ಒಂಬತ್ತು ಕೇಂದ್ರ ಅವರ ಪಾಲಿಗೆ ಬಂದಿವೆಯಂತೆ. ನಾನು ಕೋಟು-ಟೈ ಹಾಕಿದ ಯಾವನೋ ಬರುತ್ತಾನೆ, ನಾಲ್ಕು ಮಾತು ಬಿಗಿಯಾಗಿ ಆಡಿ ಕಳಿಸೋಣ ಎಂದುಕೊಂಡಿದ್ದೆ. ಬಂದವಳು ಮೂವತ್ತೈದರ ಆಸುಪಾಸಿನ ಇಂಜಿನಿಯರು, ಕಾಲಿಗೆ ಕೆಲಸದ ಬೂಟು. ತಾತ ಆಗಲೇ "ಬೂಟು ಮೇಡಂ" ಎಂದು ಹೆಸರಿಟ್ಟ.

ಟ್ರಾನ್ಸ್‌ಮಿಟರಿನ ಕೆಳಗೆ ಮಂಡಿಯೂರಿ ಕೂತು ಟಾರ್ಚು ಬಿಟ್ಟು ನೋಡಿದಳು. ಅಂಗಿಯ ತೋಳಿಗೆಲ್ಲ ಜಿಡ್ಡು. "ಇಷ್ಟು ಹಳೇ ಯಂತ್ರವನ್ನ ಇಷ್ಟು ಚೆನ್ನಾಗಿಟ್ಟಿರೋದು ಯಾರು?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಸಿಡಿಲು ಬಡಿದ ವರ್ಷ ಸುಟ್ಟ ಸುರುಳಿಯನ್ನು ಕೈಯಲ್ಲೇ ಸುತ್ತಿದ್ದು, ಬಿಡಿಭಾಗ ಸಿಗದೆ ಲೇತಿನಲ್ಲಿ ಮಾಡಿಸಿದ್ದು, ಎಲ್ಲ ಹೇಳಿದೆ. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಹೊಸ ಟ್ರಾನ್ಸ್‌ಮಿಟರಿನ ನಕ್ಷೆ ತೋರಿಸಿದಳು. ಬಟ್ಟೆ ಬೀರುವಿನಷ್ಟೇ ಇದೆ! ಒಳಗೆ ಸಣ್ಣಸಣ್ಣ ಸರ್ಕ್ಯೂಟ್ ಹಲಗೆಗಳು, ಒಂದು ಕೆಟ್ಟರೂ ಉಳಿದವು ನಡೆಸಿಕೊಂಡು ಹೋಗುತ್ತವೆ. ರೇಡಿಯೋ, ಟಿ.ವಿ. ಎರಡೂ ಒಂದೇ ಕೋಣೆಯಿಂದ. ನಾನು ಆ ನಕ್ಷೆಯ ಮೇಲೆ ಬಗ್ಗಿ ಎಷ್ಟು ಹೊತ್ತು ನಿಂತಿದ್ದೆನೋ, ಚಹಾ ಆರಿ ಕೆನೆಗಟ್ಟಿತ್ತು.

ಹೋಗುವಾಗ, "ನಿಮ್ಮಂಥವರು ಒಬ್ಬರಿದ್ದರೆ ಒಂಬತ್ತು ಕೇಂದ್ರವನ್ನೂ ನೋಡಿಕೊಳ್ಳಬಹುದು" ಅಂದಳು. ಸುಮ್ಮನೆ ಮೂಗಿಗೆ ತುಪ್ಪ ಸವರುವ ಮಾತಿರಬಹುದು. ಆದರೂ ಮನೆಗೆ ಬರುವಾಗ ದಾರಿ ಸಣ್ಣದೆನಿಸಿತು.

ಫೆಬ್ರವರಿ ೯, ಶುಕ್ರವಾರ

ಕಂಪನಿಯಿಂದ ಒಂದು ಕಟ್ಟು ಫಾರಮ್ಮು ಬಂದಿದೆ. ಹದಿಮೂರು ಜನ, ತಲೆಗೊಂದು. ಪ್ರತಿಯೊಬ್ಬರ ಬಗ್ಗೆ ಹತ್ತು ಪ್ರಶ್ನೆಗೆ ಶಿಫ್ಟಿನ ಮುಖ್ಯಸ್ಥರು ಉತ್ತರ ಬರೆಯಬೇಕು. ನನ್ನನ್ನು ಬಿಟ್ಟು ಇನ್ನು ಮೂವರನ್ನು ಮಾತ್ರ ಉಳಿಸಿಕೊಳ್ಳುತ್ತಾರಂತೆ. ನಮ್ಮ ಇಲಾಖೆಯ ನಿರ್ದೇಶಕರಿಗೆ ಫೋನು ಮಾಡಿದೆ. "ಬರೆದುಕೊಡಮ್ಮ, ಈಗ ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು. ಇದು ಒಂಟಿಯಾಗಿ ಮಾತಾಡಿದಂತೆ ಆಗುವುದಿಲ್ಲ, ಇದು ಆಫೀಸಿನ ಕೆಲಸ.

ಏಳನೆಯ ಪ್ರಶ್ನೆ: ಕೆಲಸಕ್ಕೆ ಅಡ್ಡಿಯಾಗುವಂಥ ದೇಹದ ನ್ಯೂನತೆ ಏನಾದರೂ ನಿಮ್ಮ ಗಮನಕ್ಕೆ ಬಂದಿದೆಯೇ?

ಸಂಜೆ ಅಣ್ಣ ನಮ್ಮ ಮನೆಗೆ ಬಂದ. ಕ್ವಾರ್ಟರ್ಸಿನಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಕುರ್ಚಿಯ ತುದಿಯಲ್ಲಿ ಕೂತ. ನನ್ನೆದುರು ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ನನ್ ಬಗ್ಗೆ ಸ್ವಲ್ಪ ಒಳ್ಳೇದು ಬರಿ ಪುಟ್ಟಿ. ಎರಡೇ ವರ್ಷ. ಆಮೇಲೆ ನಾನೇ ಹೋಗ್ತೀನಿ."

"ಇದನ್ನ ನೀನು ಕೇಳ್ಬೇಕಾ?" ಎಂದು ಅವನಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದೆ.

ಅಮ್ಮ ಸತ್ತಾಗ ನನಗೆ ನಾಲ್ಕು, ಅವನಿಗೆ ಹದಿನಾರು. ನನ್ನ ಜಡೆ ಹೆಣೆದದ್ದು ಅವನೇ, ಸೊಟ್ಟಪಟ್ಟ. ಒಂಬತ್ತನೇ ವಯಸ್ಸಿಗೆ ಕೈಗೆ ಬೆಸುಗೆ ಕಡ್ಡಿ ಕೊಟ್ಟವನೂ ಅವನೇ. ತಾನು ಓದಿದ್ದರೆ ಇಂಜಿನಿಯರು ಆಗುತ್ತಿದ್ದ. ನನ್ನನ್ನು ಓದಿಸಿ, ತಾನು ತಂತ್ರಜ್ಞನಾಗಿಯೇ ಉಳಿದು, ಕೊನೆಗೆ ನನ್ನ ಕೈಕೆಳಗೆ ಬಂದ. ಮೊದಲ ದಿನ ಎಲ್ಲರೆದುರು ಎದ್ದು ನಿಂತು "ನಮಸ್ಕಾರ ಮೇಡಂ" ಎಂದು ನಗಿಸಿದ್ದ.

ಫೆಬ್ರವರಿ ೧೫, ಗುರುವಾರ

ಹನ್ನೊಂದು ನಿಮಿಷ ಪ್ರಸಾರ ನಿಂತಿತು. ಸಿಡಿಲು ಬಡಿದದ್ದು ಬಿಟ್ಟರೆ ನನ್ನ ಕಾಲದಲ್ಲಿ ಇಂಥದ್ದು ಆಗಿರಲಿಲ್ಲ.

ಬೂಟು ಮೇಡಂ ಬಂದಿದ್ದರು. ಹೊಸ ಆಂಟೆನಾಗೆ ಅಳತೆ ಹಿಡಿಯಲು ಇಬ್ಬರೂ ಗೋಪುರದ ಬುಡದಲ್ಲಿದ್ದೆವು. ಹಾಲಿನಲ್ಲಿ ಅಣ್ಣ ಒಬ್ಬನೇ, ಹಿಂದಿನ ಬೆಂಚಿನಲ್ಲಿ ಬಿಡಿಭಾಗ ಒರೆಸುತ್ತ ಮೀಟರಿಗೆ ಬೆನ್ನು ಹಾಕಿ ಕೂತಿದ್ದಾನೆ. ಫ್ಯಾನಿನ ಬೆಲ್ಟು ಹರಿದಿದೆ. ಬೆಲ್ಲು ಹೊಡೆದಿದೆ. ಯಂತ್ರ ಕಾದು ಕಾದು ತಾನೇ ಆರಿದೆ. ರಾಜಧಾನಿಯಿಂದ ಫೋನು ಬಂದು, ತಾತ ಓಡಿ ಬಂದು ನನ್ನನ್ನು ಕರೆದ. ಒಳಗೆ ಹೋದರೆ ಬೆಲ್ಲು ಕಿತ್ತುಹೋಗುವ ಹಾಗೆ ಬಡಿದುಕೊಳ್ಳುತ್ತಿದೆ, ಅಣ್ಣ ಬಟ್ಟೆಯಲ್ಲಿ ಒಂದು ತಿರುಪನ್ನು ಒರೆಸುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಾನೆ.

ಕೆಂಪು ದೀಪದ ಬಲ್ಬು ಸುಟ್ಟುಹೋಗಿತ್ತು.

ಅದನ್ನು ಪ್ರತಿ ಸೋಮವಾರ ಪರೀಕ್ಷಿಸುವುದು ನಾನೇ. ಈ ಸೋಮವಾರ ಮೇಡಂ ಜೊತೆ ನಕ್ಷೆ ನೋಡುತ್ತ ಕೂತಿದ್ದೆ. ಒಂದು ವಾರ ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆಯೇ?

ಅವನ ಭುಜ ಹಿಡಿದು ತಿರುಗಿಸಿದೆ. ಬಾಯಿಂದ ಬಂದೇಬಿಟ್ಟಿತು. "ಇನ್ನೆಷ್ಟು ದಿನ ನಾನೇ ನಿನ್ ಕಿವಿ ಆಗಿರ್ಲಿ? ನಂಗೂ ಒಂದ್ ಬದುಕಿದೆ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಅವನಿಗೂ ಕೇಳಿಸಿತು. ಬಾಗಿಲಲ್ಲಿ ನಿಂತವರಿಗೆಲ್ಲ ಕೇಳಿಸಿತು. ಮೇಡಂಗೂ.

ಅಣ್ಣ ತಿರುಪನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಹೊಸ ಬೆಲ್ಟು ತಂದ. ಇಬ್ಬರೂ ಸೇರಿ ಹಾಕಿದೆವು.

ಫೆಬ್ರವರಿ ೧೬, ಶುಕ್ರವಾರ

ಲಾಗ್ ಪುಸ್ತಕದಲ್ಲಿ "ಬೆಲ್ಟು ತುಂಡಾಗಿ ಹನ್ನೊಂದು ನಿಮಿಷ ಸ್ಥಗಿತ" ಎಂದಷ್ಟೇ ಬರೆದೆ. ಅಣ್ಣ ರಜೆ ಹಾಕಿದ್ದಾನೆ.

ಫೆಬ್ರವರಿ ೧೯, ಸೋಮವಾರ

ಫಾರಮ್ಮುಗಳನ್ನು ಕಳಿಸಿದೆ. ಹನ್ನೆರಡು ಜನಕ್ಕೆ ಏಳನೆಯ ಪ್ರಶ್ನೆಯ ಎದುರು "ಇಲ್ಲ" ಎಂದು ಬರೆದೆ. ಒಬ್ಬರಿಗೆ ಹಾಗೆ ಬರೆಯಲಿಲ್ಲ.

ಸುಳ್ಳು ಬರೆದಿಲ್ಲ. ನಾಲ್ಕು ವರ್ಷ ಮುಚ್ಚಿಟ್ಟದ್ದೇ ಸುಳ್ಳು. ಅಷ್ಟು ದೊಡ್ಡ ಕರೆಂಟಿನ ಮಧ್ಯೆ ಕಿವಿ ಕೇಳದವನನ್ನು ಕೂರಿಸುವುದು ಅವನಿಗೇ ಅಪಾಯ. ನಾಳೆ ಏನಾದರೂ ಆದರೆ ಅತ್ತಿಗೆಗೆ ಯಾರು ಜವಾಬು ಹೇಳುತ್ತಾರೆ? ಹೇಗೂ ಮೇಡಂಗೆ ಅವತ್ತೇ ಗೊತ್ತಾಗಿದೆ, ನಾನು "ಇಲ್ಲ" ಎಂದಿದ್ದರೆ ನನ್ನ ಉಳಿದ ಹನ್ನೆರಡು ಉತ್ತರಗಳಿಗೂ ಬೆಲೆ ಇರುತ್ತಿರಲಿಲ್ಲ. ಉಳಿದವರ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತಿತ್ತು.

ಎಲ್ಲ ಸರಿಯಾಗಿಯೇ ಇದೆ. ಊಟ ಸೇರಲಿಲ್ಲ.

ಮಾರ್ಚ್ ೬, ಮಂಗಳವಾರ

ಪಟ್ಟಿ ಬಂತು. ನಾನು ಮುಖ್ಯಸ್ಥೆ. ಇನ್ನು ಮೂವರು, ಎಲ್ಲರೂ ನಲವತ್ತರೊಳಗಿನವರು. ಉಳಿದ ಹತ್ತು ಮಂದಿಗೆ ತಿಂಗಳ ಕೊನೆಯವರೆಗೆ ಅವಕಾಶ. ಬೋರ್ಡಿನ ಮುಂದೆ ಅವರು ನಿಂತಿದ್ದರು. ನಾನು ಹೋದಾಗ ದಾರಿ ಬಿಟ್ಟರು. ಜನವರಿಯ ಸಹಿ ಕಾಗದ ಅದೇ ಬೋರ್ಡಿನಲ್ಲಿ ಇನ್ನೂ ಇದೆ. ಯಾರಾದರೂ ತೆಗೆಯಬಾರದೇ?

ಸಂಜೆ ಗೋಡೆಯಾಚೆ ಅತ್ತಿಗೆಯ ಅಳು ಕೇಳಿಸಿತು. ಅಣ್ಣನ ಮಾತೂ ಕೇಳಿಸಿತು. ಕಿವಿ ಹೋದ ಮೇಲೆ ಅವನ ದನಿ ದೊಡ್ಡದು.

"ಯಾರೂ ತೆಗ್ದಿಲ್ವೇ ನನ್ನ. ನಾನೇ ಹೇಳ್ದೆ, ಕಿವಿ ಕೇಳ್ಸಲ್ಲ ಕಳಿಸಿಬಿಡಿ ಅಂತ. ಪುಟ್ಟಿ ಎಷ್ಟು ಬೇಡ ಅಂದ್ಲು ಗೊತ್ತಾ? ನಾನೇ ಕೇಳ್ಲಿಲ್ಲ."

ಅವನಾಗಿಯೇ ಹೇಳಿದನೇ? ಹಾಗಾದರೆ ನಾನು ಬರೆದದ್ದರಿಂದ ಏನೂ ಆಗಲಿಲ್ಲ. ಮನಸ್ಸು ಹಗುರಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ ೯, ಶುಕ್ರವಾರ

ಮೇಡಂ ಜೊತೆ ಫೋನಿನಲ್ಲಿ ಮಾತಾಡುವಾಗ, "ಅಣ್ಣ ತಾವಾಗಿಯೇ ಬಿಟ್ಟರಂತಲ್ಲ" ಎಂದೆ.

ಅವರು ತಿದ್ದಿದರು. "ಇಲ್ಲ ಮೇಡಂ. ಮೇಲಿನವರು ಬರೆದಿದ್ದನ್ನ ಆಯಾ ಜನಕ್ಕೆ ತೋರಿಸಿ ಸಹಿ ತಗೊಳ್ಳೋದು ನಮ್ಮ ನಿಯಮ. ನಿಮ್ಮ ಫಾರಮ್ಮನ್ನೂ ಅವರಿಗೆ ತೋರಿಸಿದ್ವಿ. ಎರಡು ಸಲ ಓದಿದ್ರು. ಕೆಳಗೆ 'ನಿಜ' ಅಂತ ಬರೆದು ಸಹಿ ಹಾಕಿದ್ರು."

"ಏನಾದ್ರೂ ಅಂದ್ರಾ?"

"ಈ ಕಾಗದ ಮನೆಗೆ ಬರಲ್ಲ ತಾನೆ, ಅಂತ ಕೇಳಿದ್ರು. ಬರಲ್ಲ ಅಂದೆ. ಥ್ಯಾಂಕ್ಸ್ ಹೇಳಿ ಹೋದ್ರು."

ಮಾರ್ಚ್ ೧೦, ಶನಿವಾರ

ಏನೂ ಇಲ್ಲ ಬರೆಯಲು.

ಮಾರ್ಚ್ ೧೮, ಭಾನುವಾರ

ಅತ್ತಿಗೆ ಬಂದಿದ್ದರು. ಅವರು ಮನೆ ಖಾಲಿ ಮಾಡಬೇಕಲ್ಲ, ಸಾಮಾನು ಕಟ್ಟುತ್ತಿದ್ದಾರೆ. ನನ್ನ ಹಳೆಯ ಶಾಲೆ ಪುಸ್ತಕಗಳು ಅವರ ಅಟ್ಟದಲ್ಲಿದ್ದವು, ತಂದುಕೊಟ್ಟರು. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

"ನೀನಾದ್ರೂ ಉಳ್ಕೊಂಡ್ಯಲ್ಲ, ಅದೇ ನಮಗೆ ದೊಡ್ಡದು. ನಿಮ್ಮಣ್ಣ ಅದನ್ನೇ ಹೇಳ್ತಿರ್ತಾರೆ. ನಾಲ್ಕು ವರ್ಷ ಅವರನ್ನ ಕಣ್ಣಲ್ಲಿ ಕಣ್ಣಿಟ್ಟು ಕಾದೆ ನೀನು. ಒಡಹುಟ್ಟಿದೋರು ಅಂದ್ರೆ ಹೀಗಿರ್ಬೇಕು."

ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಅವರ ಕೈ ಬೆಚ್ಚಗಿತ್ತು. ಅತ್ತಿಗೆ, ಅದು ಹಾಗಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಅಣ್ಣ, "ಹಗ್ಗ ಎಲ್ಲಿಟ್ಟೆಯೇ?" ಎಂದು ಕೂಗಿದ. ಅವರು ಹೊರಟುಹೋದರು.

ಮಾರ್ಚ್ ೩೧, ಶನಿವಾರ

ಹಳೆಯ ಟ್ರಾನ್ಸ್‌ಮಿಟರಿಗೆ ಈವತ್ತು ಕೊನೆ. ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ಆರಿಸಿ ಪಕ್ಕದ ಕೋಣೆಯ ಹೊಸದನ್ನು ಹಚ್ಚಬೇಕು. ಹೋಗುವ ಹತ್ತು ಜನವೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಸೇವೆಯಲ್ಲಿ ಎಲ್ಲರಿಗಿಂತ ಹಿರಿಯನೆಂದು ದೊಡ್ಡ ಸ್ವಿಚ್ಚನ್ನು ಅಣ್ಣನೇ ಇಳಿಸಲಿ ಎಂದರು. ನಾನು ಗಡಿಯಾರ ನೋಡಿ ಕೈ ಎತ್ತಿದೆ. ಇಳಿಸಿದ.

ಫ್ಯಾನುಗಳು ನಿಧಾನಕ್ಕೆ ಸೊರಗಿ ನಿಂತವು. ಮೂವತ್ತೈದು ವರ್ಷದಿಂದ ಆ ಹಾಲಿನಲ್ಲಿ ಹಗಲು ಹೊತ್ತು ಮೌನ ಇದ್ದದ್ದಿಲ್ಲ. ಹೊರಗಿನ ಮರದ ಹಕ್ಕಿಯ ಕೂಗು ಒಳಗೆ ಬಂತು. ಯಾರೋ ಬಿಕ್ಕಿದರು. ತಾತ ಟೊಪ್ಪಿ ತೆಗೆದ. ಅಣ್ಣನಿಗೆ ಮಾತ್ರ ಏನೂ ವ್ಯತ್ಯಾಸವಿಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ನನ್ನದನ್ನು.

"ನಿಂತ್ತಾ ಪುಟ್ಟಿ?" ಎಂದು ಕೇಳಿದ.

ತಲೆಯಾಡಿಸಿದೆ.

"ಸರಿ ಹಾಗಾದ್ರೆ" ಅಂದ.

ಹೊಸದನ್ನು ನಾನು ಹಚ್ಚಿದೆ. ಸದ್ದೇ ಇಲ್ಲದೆ ಹತ್ತಿಕೊಂಡಿತು. ಎಲ್ಲರೂ ಅಣ್ಣನ ಹಿಂದೆ ಗೇಟಿನತ್ತ ಹೋಗುತ್ತಿದ್ದರು. ಚೊಕ್ಕ ಯಂತ್ರ, ಅದನ್ನು ಒಪ್ಪಿಕೊಳ್ಳಲೇಬೇಕು.

ಏಪ್ರಿಲ್ ೧೨, ಗುರುವಾರ

ಕೆಲಸ ಏನೂ ಇಲ್ಲವೆನ್ನುವಷ್ಟು ಸುಲಭ. ಎಲ್ಲವೂ ಪರದೆಯ ಮೇಲೆ. ಲಾಗ್ ಅನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ಎರಡು ಹೊಸ ಟಿ.ವಿ. ಚಾನೆಲ್ಲು, ಒಂದು ಹಾಡಿನ ರೇಡಿಯೋ ಶುರುವಾಗಿವೆ. ಊರಲ್ಲಿ ಜನಕ್ಕೆ ಸಂತೋಷ. ಚಹಾದ ಅಂಗಡಿಯವನು "ನಿಮ್ಮಿಂದ ಒಳ್ಳೇದಾಯ್ತು ಮೇಡಂ" ಎಂದ. ಪಕ್ಕದ ಮನೆ ಖಾಲಿ. ಗೋಡೆಗೆ ಕಿವಿಗೊಡುವ ಅಭ್ಯಾಸ ಹೋಗಿಲ್ಲ.

ಏಪ್ರಿಲ್ ೨೯, ಭಾನುವಾರ

ಅಣ್ಣನ ಮನೆಗೆ ಹೋಗಿದ್ದೆ. ಇನ್ನು ತಡೆಯಲಾರೆ, ಎಲ್ಲ ಹೇಳಿ ಕಾಲು ಹಿಡಿಯಬೇಕು ಎಂದೇ ಹೋದೆ.

ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಯ ಮನೆ. ಹಾರ್ನಿನ ಹಾವಳಿ. "ಸದ್ದಿದೆ ಅಂತ ಯಾರೂ ತಗೊಂಡಿರ್ಲಿಲ್ಲ, ಕೇಳದ ಕಿವಿಗೆ ಏನು ಅಂತ ತಗೊಂಡೆ. ಈಗ ಅನುಭವಿಸ್ತಿದ್ದೀನಿ ನೋಡು" ಎಂದು ನಕ್ಕ. ಆಗ ಕಂಡಿತು, ಅವನ ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡದೊಂದು ಯಂತ್ರ. ಕಿವಿಯ ಮಿಷನ್ನು.

"ಡಾಕ್ಟರು ನಾಲ್ಕು ವರ್ಷದ ಹಿಂದೇನೇ ಹೇಳಿದ್ರು" ಎಂದರು ಅತ್ತಿಗೆ. "ಹಾಕ್ಕೊಂಡ್ರೆ ಆಫೀಸಲ್ಲಿ ಗೊತ್ತಾಗತ್ತೆ ಅಂತ ಇವರು ಒಪ್ಪಲಿಲ್ಲ. ಈಗ ನೋಡು, ಪಾತ್ರೆ ಸದ್ದಿಗೂ ಎದ್ದು ಬರ್ತಾರೆ."

ನಾನು ಚೀಟಿ ಬರೆದು, ತುಟಿ ಬಿಡಿಸಿ, ದೀಪ ಹಾಕಿಸಿ ಕಾಪಾಡಿದ ನಾಲ್ಕು ವರ್ಷವೂ ಅವನು ಕೇಳಬಹುದಿತ್ತು.

"ಏನಾದ್ರೂ ಮಾತಾಡು ಪುಟ್ಟಿ. ನಿನ್ ದನಿ ಕೇಳಿ ಎಷ್ಟ್ ದಿನ ಆಯ್ತು" ಎಂದು ಮುಂದಕ್ಕೆ ಬಾಗಿ ಕೂತ.

"ಎಲ್ಲ ಚೆನ್ನಾಗಿ ನಡೀತಿದೆ ಅಣ್ಣ. ಪ್ರಸಾರ ಒಂದು ನಿಮಿಷವೂ ನಿಂತಿಲ್ಲ" ಅಂದೆ.

ತಲೆ ಓರೆ ಮಾಡಿ ಕೇಳಿದ. "ಬೇರೆ ಯಾರೋ ಮಾತಾಡಿದ ಹಾಗಿದೆಯಲ್ಲ" ಅಂದ. ನನ್ನ ಮುಖ ನೋಡಿ ತಕ್ಷಣ, "ಮಿಷನ್ನಿನ ಗುಣವೇ ಹಾಗಂತೆ, ಅಭ್ಯಾಸ ಆಗ್ಬೇಕು" ಎಂದ.

ಅತ್ತಿಗೆ ಬಟ್ಟೆ ತರಲು ಮಾಳಿಗೆಗೆ ಹೋದರು. ಮೆಟ್ಟಿಲ ಸದ್ದು ಮೇಲೆ ಹೋಗುವವರೆಗೆ ಕಾದೆ.

"ಅಣ್ಣ, ಆ ಫಾರಮ್ಮಿನಲ್ಲಿ ನಾನು..."

ಅವನ ಕೈ ಮೇಲೆದ್ದಿತು. ಸಾಕು ಅನ್ನುತ್ತಾನೆ ಎಂದುಕೊಂಡೆ. ಅವನು ಕಿವಿಯಿಂದ ಮಿಷನ್ನು ತೆಗೆದು, ಮಡಿಸಿದ ಪತ್ರಿಕೆಯ ಮೇಲಿಟ್ಟ.

"ಈಗ ಹೇಳು" ಅಂದ.

ನಾಲ್ಕು ವರ್ಷ ನನ್ನ ತುಟಿ ನೋಡಿಯೇ ಬದುಕಿದವನು, ಈಗ ತುಟಿಯನ್ನೂ ನೋಡಲಿಲ್ಲ. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ಬಸ್ಸು ಹಿಂದಕ್ಕೆ ಸರಿಯುವುದನ್ನು ನೋಡುತ್ತ ಕೂತ. ನಾನು ಹೇಳಿದೆ. ಬಲ್ಬು ನೋಡದೆ ಬಿಟ್ಟ ಸೋಮವಾರವನ್ನು, ಬರೆದ ಉತ್ತರವನ್ನು, ಬರೆದು ನನಗೆ ನಾನೇ ಕೊಟ್ಟುಕೊಂಡ ಕಾರಣಗಳನ್ನು, ನನಗೆ ಆ ಕೆಲಸ ಬೇಕೇ ಬೇಕಾಗಿತ್ತು ಎನ್ನುವುದನ್ನು. ಒಂದನ್ನೂ ಬಿಡಲಿಲ್ಲ. ಅತ್ತು ಮುಗಿಸಿದ ಮೇಲೂ ಅವನು ತಿರುಗಲಿಲ್ಲ.

ಮೆಟ್ಟಿಲ ಮೇಲೆ ಅತ್ತಿಗೆ ಇಳಿಯುವ ಸದ್ದಾಯಿತು. ಅವನಿಗೆ ಕೇಳುವುದಿಲ್ಲವಲ್ಲ, ತೋಳು ಮುಟ್ಟಿ ಬಾಗಿಲ ಕಡೆ ತೋರಿಸಿದೆ. ಮಿಷನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಪುಟ್ಟಿ ಊಟ ಮಾಡ್ಕೊಂಡೇ ಹೋಗ್ತಾಳಂತೆ ಕಣೇ" ಎಂದು ಅತ್ತಿಗೆಗೆ ಹೇಳಿದ.

ನಾನು ಹಾಗೆ ಹೇಳಿರಲಿಲ್ಲ. ಕೈ ತೊಳೆದು ಬಂದು ಅವನ ಪಕ್ಕದಲ್ಲಿ ಕೂತು ಊಟ ಮಾಡಿದೆ.